ನೂರಿಪ್ಪತ್ತು ಕುಚ್ಚು

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ನೆತ್ತಿಯ ಮೇಲೆ,
ಹದಿನೇಳು ಮೆಟ್ಟಿಲು ಹತ್ತಿದರೆ ನಮ್ಮ ಟಿಕೆಟ್ ಆಫೀಸು.
ಗೋಡೆಗೆ ಭೂಪಟ. ಅದರಲ್ಲಿ ಶಿವಮೊಗ್ಗ ಇರಲಿಲ್ಲ,
ನಾನೇ ಪೆನ್ನಿನಿಂದ ಒಂದು ಚುಕ್ಕಿ ಇಟ್ಟೆ.
ಸ್ವಲ್ಪ ಸಮುದ್ರದ ಕಡೆಗೆ ಜಾರಿದೆ. ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಸೀಗೇಹಟ್ಟಿಯ ಹಲೀಮಾ ಟಿಕೆಟಿಗೆ ಬಂದವಳಲ್ಲ.
ಟಿಕೆಟ್ ಆಗಲೇ ಮಂಗಳೂರಿನ ಏಜೆಂಟನ ಕೈಯಲ್ಲಿತ್ತು.
ಹೋಗುವವಳು ತಂಗಿ, ನಸೀಮಾ,
ದಮ್ಮಾಮಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆಬಟ್ಟೆ ಒಗೆಯಲು, ಎರಡು ವರ್ಷ.
ಇವಳಿಗೆ ಬೇಕಾದದ್ದು ಲೆಕ್ಕ.

"ಹತ್ತೂ ಹತ್ತಕ್ಕೆ ಬೆಂಗ್ಳೂರು ಬಿಡತ್ತೆ,
ಹನ್ನೆರಡೂ ಇಪ್ಪತ್ತಕ್ಕೆ ಅಲ್ಲಿ ಇಳಿಯತ್ತೆ ಅಂತ ಬರ್ದಿದೆ.
ಅಷ್ಟು ಹತ್ರಾನಾ ಸಾರ್?
ಸಾಗರದ ಬಸ್ಸೇ ಅಷ್ಟೊತ್ತು ತಗೊಳತ್ತಲ್ಲ!"

ಮೂರು ಸಾವಿರದ ಇನ್ನೂರ ಅರವತ್ತು ಕಿಲೋಮೀಟರು, ಎಂದೆ,
ಹಕ್ಕಿ ಹಾರಿದ ಹಾಗೆ.
(ಯಾವ ಹಕ್ಕಿಯೂ ಹಾಗೆ ಹಾರುವುದಿಲ್ಲ. ಇರಲಿ.)
ಗಾಳಿಯಲ್ಲಿರುವುದು ನಾಲ್ಕು ತಾಸು ನಲವತ್ತು ನಿಮಿಷ.
ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ, ಅಷ್ಟೆ.

"ಅಂದ್ರೆ ಅವಳಿಗೆ ಎರಡೂವರೆ ತಾಸು ಪುಕ್ಕಟೆ?"
ಹ್ಞೂಂ. ಬರೋವಾಗ ವಾಪಸ್ ಕಿತ್ಕೋತಾರೆ.
"ಯಾರು?"

ನಾನು ಭೂಪಟ ನೋಡಿದೆ.
ಇಪ್ಪತ್ತೆರಡು ವರ್ಷದಿಂದ ಜನರನ್ನು ಆಕಾಶಕ್ಕೆ ಹತ್ತಿಸಿದವನು,
ನಾನಿನ್ನೂ ಹತ್ತಿಲ್ಲ.

ಅವಳು ಚೀಲದಿಂದ ಒಂದು ರೇಷ್ಮೆ ಸೆರಗು ತೆಗೆದಳು.
ಕುಚ್ಚು ಕಟ್ಟುವುದು ಅವಳ ಕಸುಬು, ಸೀರೆಗೆ ಇಷ್ಟು ಅಂತ.
"ಬೆಂಗ್ಳೂರಿಗೆ ರಾತ್ರಿ ಬಸ್ಸು ಏಳು ತಾಸು, ಆದ್ರೂ ಭಯ ಇಲ್ಲ,
ಕಡೂರು, ಅರಸೀಕೆರೆ, ತಿಪಟೂರು,
ಒಂದೊಂದು ಊರೂ ದೀಪ ಹಚ್ಕೊಂಡು ಕೂತಿರತ್ತೆ.
ಮೇಲೆ ಯಾವೂರಿದೆ ಸಾರ್?
ಅದಕ್ಕೇ, ಅವಳು ಮೇಲಿರೋವಷ್ಟು ಹೊತ್ತು
ನಾನು ಕೈ ನಿಲ್ಲಿಸಬಾರ್ದು ಅಂತ."

ತಾಸಿಗೆ ಇಪ್ಪತ್ತೈದು ಕುಚ್ಚು.
ನಾಲ್ಕು ತಾಸು ನಲವತ್ತು ನಿಮಿಷಕ್ಕೆ ಎಷ್ಟು?
ಕ್ಯಾಲ್ಕುಲೇಟರ್ ಒತ್ತಿದೆ: ನೂರ ಹದಿನಾರು, ಮೇಲೆ ಚಿಲ್ಲರೆ.
ನೂರ ಹದಿನೇಳು ಅಂದುಕೋ.
"ಸೆರಗಿಗೆ ನೂರಿಪ್ಪತ್ತು ಬೇಕು. ಮೂರು ಉಳೀತಲ್ಲ."
ಆ ಮೂರು, ಎಂದೆ, ಚಕ್ರ ನೆಲಕ್ಕೆ ತಾಗಿ ಓಡಿ ನಿಲ್ಲೋದಕ್ಕೆ.
ಮೊದಲ ಸಲ ನಕ್ಕಳು. ಫೀಸು ಎಷ್ಟು ಅಂತ ಕೇಳಿದಳು.

ಆ ದಿನ ಹತ್ತೂ ಹತ್ತಕ್ಕೆ
ಶಿರಾಳಕೊಪ್ಪದ ಗಿರಾಕಿಯೊಬ್ಬನ ಪಾಸ್‌ಪೋರ್ಟು ನನ್ನ ಕೈಯಲ್ಲಿತ್ತು,
ಅವನ ಜನ್ಮದಿನಾಂಕ ಎರಡು ಸಲ ತಪ್ಪು ಬರೆದೆ.

ಮುಂದಿನ ವಾರ ಬಂದಳು. ಬೆರಳ ತುದಿಗೆ ದಾರ ಕೊಯ್ದ ಗೆರೆ.
"ಲೆಕ್ಕ ಸರಿ ಇತ್ತು ಸಾರ್.
ನೂರ ಹದಿನೇಳು ಆದಾಗ ಎರಡೂ ಐವತ್ತು,
ನಮ್ಮ ಗೋಡೆ ಗಡಿಯಾರದಲ್ಲಿ.
ಆಮೇಲೆ ಮೂರು. ಫೋನ್ ಬರ್ಲಿಲ್ಲ.
ಕೊನೇ ಕುಚ್ಚು ಬಿಚ್ಚಿದೆ, ಕಟ್ಟಿದೆ.
ಬಿಚ್ಚಿದೆ, ಕಟ್ಟಿದೆ.
ಅವಳಿಗೆ ಸಿಮ್ಮು ಸಿಕ್ಕಿದ್ದು ನಮ್ಮ ಐದೂವರೆಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು,
"ಆ ಎರಡೂವರೆ ತಾಸು ಎಲ್ಲಿಂದ ತಂದು ಕೊಟ್ರು ಅಂತ ಗೊತ್ತಾಯ್ತು," ಎಂದಳು,
ಬೈಗುಳದ ದನಿಯಲ್ಲಲ್ಲ,
ಮಾರ್ಕೆಟ್ಟಿನಲ್ಲಿ ತೂಕದ ಬಟ್ಟು ಎತ್ತಿ ನೋಡಿದವರ ದನಿಯಲ್ಲಿ.

ಸೀರೆ ಯಾರದ್ದು?
ವಿನೋಬನಗರದ ಮದುವೆ ಹೆಣ್ಣಿಂದು. ಕೊಟ್ಟಾಯ್ತು.
ಕೊನೆಯ ಕುಚ್ಚು ಮಾತ್ರ ಸ್ವಲ್ಪ ಜುಂಗು ಜುಂಗು, ನೂಲು ಸವೆದಿದೆ.
ಯಾರೂ ನೋಡಲಿಕ್ಕಿಲ್ಲ.

ಹದಿನೇಳು ಮೆಟ್ಟಿಲು ಇಳಿದು ಹೋದಳು.
ಮೇಜಿನ ಕೆಳಗೆ ಕೆಂಪು ನೂಲೊಂದು ಬಿದ್ದಿತ್ತು, ಗೇಣುದ್ದ.
ಎದ್ದು ಭೂಪಟದ ಮೇಲೆ ಹಿಡಿದು ನೋಡಿದೆ,
ನನ್ನ ಚುಕ್ಕಿಯಿಂದ.
ಸಮುದ್ರದ ನಡುವೆಯೇ ಮುಗಿಯಿತು.